ಫೈನಲ್ ದಿನ ಯಾಕಪ್ಪನ ಕಾಲ್ಗುಣ

ಆ ಭಾನುವಾರದ ಅನಾಹುತಕ್ಕೆಲ್ಲ ಕಾರಣ ಒಂದು ಹಾಳೆ ಕಾಗದ. ಅದನ್ನು ಕಂಡುಹಿಡಿದವನು ಯಾಕಪ್ಪನೇ. ಬೇರೆ ಯಾರಾದರೂ ಕಂಡುಹಿಡಿದಿದ್ದರೆ ಅವರನ್ನು ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಯಾಕಪ್ಪ ಎಂಬುದು ಅವನ ಹೆಸರಲ್ಲ. ತಕ್ಕಡಿ ಕಾರ್ಖಾನೆಯ ಪರೀಕ್ಷಾ ವಿಭಾಗಕ್ಕೆ ಅವನು ಮುಖ್ಯಸ್ಥ. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ವಾಲಿದರೂ "ಯಾಕೆ?" ಎನ್ನುತ್ತಿದ್ದ. ಕೆಲಸಗಾರರು ತಡವಾಗಿ ಬಂದರೂ "ಯಾಕೆ?", ಬೇಗ ಬಂದರೂ "ಯಾಕೆ?". ಹತ್ತೊಂಬತ್ತು ವರ್ಷ ಹೀಗೆ ಕೇಳಿದ ಮೇಲೆ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಆ ಕಾಗದದ ಹೆಸರು ದೋಷಶೋಧನ ಪತ್ರ. ಯಾಕಪ್ಪನ ಜೀವಮಾನದ ಸಾಧನೆ. ಮುಂದಿನ ಮಗ್ಗುಲಲ್ಲಿ ಅಂಕಣಗಳು: ತಕ್ಕಡಿ ತಪ್ಪು ತೋರಿಸಿದಾಗ ಕೋಣೆಯಲ್ಲಿ ಯಾರಿದ್ದರು, ಎಲ್ಲಿ ನಿಂತಿದ್ದರು, ಕಿಟಕಿ ತೆರೆದಿತ್ತೇ, ಫ್ಯಾನು ತಿರುಗುತ್ತಿತ್ತೇ. ಹಿಂದಿನ ಮಗ್ಗುಲಲ್ಲಿ ಏಳು ಕ್ರಮಗಳು. ನಾಲ್ಕನೆಯದು: ದೋಷಕ್ಕೆ ಕಾರಣವಾದದ್ದನ್ನು ತಕ್ಷಣ ಕೋಣೆಯಿಂದ ಹೊರಗಿಡತಕ್ಕದ್ದು. ಏಳನೆಯದು: ತಕ್ಕಡಿ ಒಮ್ಮೆ ಸರಿಯಾಗಿ ತೂಗಿದ ಮೇಲೆ ಆ ಹೊತ್ತಿನಲ್ಲಿ ಸುತ್ತ ಏನೇನಿತ್ತೋ ಅದರಲ್ಲಿ ಒಂದನ್ನೂ ಕದಲಿಸತಕ್ಕದ್ದಲ್ಲ. ಈ ಏಳನೆಯ ಕ್ರಮದ ದೆಸೆಯಿಂದ ಒಬ್ಬ ಕೆಲಸಗಾರನ ಕೊಡೆ ಮೂರು ತಿಂಗಳು ಗೋಡೆಗೊರಗಿಯೇ ನಿಂತಿತ್ತು. ದೊಡ್ಡ ತಕ್ಕಡಿ ಸರಿಹೋದಾಗ ಅದು ಅಲ್ಲಿತ್ತು, ಅಷ್ಟೇ ಅದರ ತಪ್ಪು. ಆ ಮಳೆಗಾಲವೆಲ್ಲ ಅವನು ನೆನೆದುಕೊಂಡೇ ಮನೆಗೆ ಹೋದ. "ವಿಜ್ಞಾನಕ್ಕೋಸ್ಕರ ಸ್ವಲ್ಪ ಒದ್ದೆಯಾಗ್ಬೇಕಾಗುತ್ತೆ," ಎಂದು ಯಾಕಪ್ಪ ಅವನಿಗೆ ಸಮಾಧಾನ ಹೇಳಿದ್ದ.

ಇನ್ನು ಫುಟ್‌ಬಾಲಿನ ವಿಷಯ. ನಾಲ್ಕು ವರ್ಷದ ಹಿಂದೆ ಮಹಿಳೆಯರ ವಿಶ್ವ ಪಂದ್ಯಾವಳಿ ಕ್ಯಾಂಟೀನಿನ ಟಿವಿಯಲ್ಲಿ ಬಂದಾಗ, "ಯಾಕೆ? ಹವಾಮಾನ ವರದಿ ಬರ್ತಿಲ್ವಾ?" ಎಂದು ಚಾನೆಲ್ ಬದಲಿಸಿದವನು ಇದೇ ಯಾಕಪ್ಪ. ಆಗ ಯಾರೂ ಬೇಡವೆನ್ನಲಿಲ್ಲ. ಈ ಸಲ ನಮ್ಮ ಹುಡುಗಿಯರು ಒಂದೊಂದೇ ತಂಡಕ್ಕೆ ಮಣ್ಣು ಮುಕ್ಕಿಸುತ್ತ ಬಂದರು ನೋಡಿ, ಪೇಟೆಯ ಅಂಗಡಿಗಳಲ್ಲಿ ಹಳದಿ ಬಟ್ಟೆಯೇ ಇಲ್ಲದಂತಾಯಿತು. ಪೊದೆಮೀಸೆಯ ಗಂಡಸರು ಬೆನ್ನ ಮೇಲೆ ಇಪ್ಪತ್ತೆರಡು ವರ್ಷದ ಹುಡುಗಿಯ ನಂಬರು ಹಾಕಿಕೊಂಡು ಎದೆಯುಬ್ಬಿಸಿ ನಡೆದರು. ಎದುರುಮನೆಯ ಅಜ್ಜಿ, ಮೊಣಕಾಲು ನೋವೆಂದು ವರ್ಷದಿಂದ ಮೆಟ್ಟಿಲಿಳಿಯದಿದ್ದವಳು, ರೆಫರಿಯನ್ನು ಬೈಯುವುದಕ್ಕೆಂದೇ ಕಾರ್ಖಾನೆ ಕ್ವಾರ್ಟರ್ಸಿನ ಸಭಾಂಗಣಕ್ಕೆ ಇಳಿದು ಬರತೊಡಗಿದಳು. "ಕಣ್ಣೆಲ್ಲಿಟ್ಕೊಂಡಿದೀಯೇ, ಸೀಟಿ ಊದೋಳೇ!" ಎಂದು ಅವಳು ಕೂಗಿದರೆ ಗೋಡೆಗೆ ಕಟ್ಟಿದ್ದ ಪರದೆ ಅಲುಗುತ್ತಿತ್ತು.

ಯಾಕಪ್ಪನಿಗೆ ಈ ಹುಚ್ಚು ಹತ್ತಿದ್ದು ಮಗಳಿಂದ. ಹದಿಮೂರಕ್ಕೆ ಕಾಲಿಟ್ಟ ಮೇಲೆ ಅವಳು ಅಪ್ಪನೊಡನೆ ಆಡುವ ಮಾತು "ಹೂಂ", "ಉಹೂಂ", "ಗೊತ್ತಿಲ್ಲ" ಎಂಬ ಮೂರಕ್ಕೆ ಇಳಿದಿತ್ತು. ಅವಳು ಶಾಲೆಯ ತಂಡದ ಗೋಲ್‌ಕೀಪರ್ ಎಂಬುದು ಅವನಿಗೆ ತಿಳಿದದ್ದೂ ಒಗೆಯಲು ಬಿದ್ದಿದ್ದ ಕೈಗವಸಿನಿಂದ. ಮೊದಲ ಪಂದ್ಯದ ದಿನ ಸಭಾಂಗಣದಲ್ಲಿ ಅಪ್ಪಿತಪ್ಪಿ ಅವಳ ಪಕ್ಕದಲ್ಲಿ ಕೂತವನು, "ಗೋಲು ಹೊಡೆದ್ಲಲ್ಲ, ಯಾಕೆ ಕೊಡ್ಲಿಲ್ಲ?" ಎಂದ. ಮಗಳು ಆಫ್‌ಸೈಡ್ ಎಂದರೇನೆಂದು ನಾಲ್ಕು ನಿಮಿಷ ವಿವರಿಸಿದಳು. ನಾಲ್ಕು ನಿಮಿಷ! ಅವನಿಗೆ ಅದು ಮೊದಲ ಸಲಕ್ಕೇ ಅರ್ಥವಾಗಿತ್ತು. ಆದರೂ ಆಮೇಲಿನ ಐದು ಪಂದ್ಯಗಳಲ್ಲೂ ಅದನ್ನೇ ಕೇಳಿದ. "ಅಪ್ಪ, ನಿನ್ ತಲೆಗೇನಾಗಿದೆ?" ಎಂದು ಬೈದು ಅವಳು ಪ್ರತಿ ಸಲವೂ ಹೊಸದಾಗಿ ಹೇಳಿಕೊಟ್ಟಳು. ಅದಕ್ಕಿಂತ ಸುಖ ಯಾಕಪ್ಪನಿಗೆ ಇತ್ತೀಚೆಗೆ ಸಿಕ್ಕಿರಲಿಲ್ಲ.

ಹಾಗಾಗಿ ಫೈನಲ್ಲಿನ ದಿನ ಅವನಿಗೆ ಬೇಕಾಗಿದ್ದದ್ದು ಒಂದೇ, ಮಗಳ ಪಕ್ಕದ ಕುರ್ಚಿ.

ಬೆಳಗ್ಗೆ ಹತ್ತಕ್ಕೆ ಆ ಕುರ್ಚಿಯ ಮೇಲೆ ಕರವಸ್ತ್ರ ಹಾಕಿ ಬರೋಣವೆಂದು ಹೋದರೆ ಸಭಾಂಗಣದ ಬಾಗಿಲಲ್ಲಿ ಅರ್ಧ ಕ್ವಾರ್ಟರ್ಸೇ ನಿಂತಿತ್ತು. ಬಾಗಿಲಿಗೆ ದೋಷಶೋಧನ ಪತ್ರ ಅಂಟಿಸಿತ್ತು. ಪಕ್ಕದಲ್ಲಿ ಅವನ ವಿಭಾಗದ ಕಿರಿಯ ಪರೀಕ್ಷಕಿ ಪೆನ್ನು ಹಿಡಿದು ನಿಂತಿದ್ದಳು. ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಹುಡುಗಿ.

"ಏನಮ್ಮ ಇದು?"

"ನೀವೇ ಹೇಳಿದ್ರಲ್ಲ ಸರ್. ಎರಡನೇ ಮ್ಯಾಚಲ್ಲಿ ಗೋಲು ಬಿದ್ದಾಗ, 'ಯಾಕೆ ಬಿತ್ತು? ಪತ್ರ ತುಂಬಿ, ಯಾರ ಮುಲಾಜೂ ನೋಡ್ಬೇಡಿ' ಅಂದ್ರಿ. ಆರೂ ಮ್ಯಾಚಿಗೆ ತುಂಬಿದೀನಿ. ಮೊದಲನೇ ಮ್ಯಾಚನ್ನ ಅವರಿವರನ್ನ ಕೇಳಿ ಬರ್ಕೊಂಡೆ."

ಯಾಕಪ್ಪ ಕನ್ನಡಕ ಏರಿಸಿ ಓದಿದ. ನಮ್ಮ ತಂಡಕ್ಕೆ ಬಿದ್ದ ಗೋಲುಗಳು ಐದು. ಐದಕ್ಕೆ ಐದೂ ಯಾಕಪ್ಪ ಸಭಾಂಗಣದೊಳಗೆ ಕೂತಿದ್ದಾಗ. ನಮ್ಮವರು ಹೊಡೆದ ಗೋಲುಗಳು ಹನ್ನೊಂದು. ಹನ್ನೊಂದಕ್ಕೆ ಹನ್ನೊಂದೂ ಯಾಕಪ್ಪ ಹೊರಗಿದ್ದಾಗ: ನೀರು ಕುಡಿಯಲು, ಕೈ ತೊಳೆಯಲು, ಅಜ್ಜಿಯ ದಿಂಬು ತರಲು, ಎರಡು ಸಲ 'ಕಾರಣ ತಿಳಿದಿಲ್ಲ'. ಕೆಳಗೆ ಗುಂಡಗಿನ ಅಕ್ಷರದಲ್ಲಿ, 'ದೋಷದ ಮೂಲ: ವಿಭಾಗದ ಮುಖ್ಯಸ್ಥರು.' ಅದರ ಕೆಳಗೆ ರುಜುವಿಗೆ ಜಾಗ. ವಿಭಾಗದ ಮುಖ್ಯಸ್ಥರ ರುಜು.

ನಿಜ ಸಂಗತಿ ಯಾಕಪ್ಪನಿಗೆ ಗೊತ್ತಿತ್ತು. ನಮ್ಮ ಹುಡುಗಿಯರು ಎದುರಾಳಿಯ ಗೋಲಿನ ಹತ್ತಿರ ಹೋದರೆ ಸಾಕು, ಅವನ ಎದೆ ಡವಗುಟ್ಟುತ್ತಿತ್ತು, ಕಾಲು ತಾವಾಗಿಯೇ ಎದ್ದು ಹೊರಗೆ ನಡೆಯುತ್ತಿದ್ದವು. ಗೋಲು ಹೊಡೆಯುವುದು ಹತ್ತಿರ ಹೋದಾಗಲೇ ತಾನೇ? ಆದರೆ ಪತ್ರದಲ್ಲಿ ಹೆದರಿಕೆಗೆ ಅಂಕಣವಿರಲಿಲ್ಲ. ಅಂಕಣ ಹಾಕದೆ ಬಿಟ್ಟವನು ಯಾರು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

"ತಪ್ಪೇನಾದ್ರೂ ಇದೆಯಾ ಸರ್?" ಎಂದಳು ಕಿರಿಯ ಪರೀಕ್ಷಕಿ, ನಿಜವಾದ ಕಾಳಜಿಯಿಂದ.

ಮೂವತ್ತು ಜನ ನೋಡುತ್ತಿದ್ದರು. ಮಗಳೂ ನೋಡುತ್ತಿದ್ದಳು. ಎದೆ ಡವಗುಟ್ಟುತ್ತದೆ ಎಂದು ಅವಳೆದುರು ಹೇಗೆ ಹೇಳುವುದು? "ಕ್ರಮಬದ್ಧವಾಗಿದೆ," ಎಂದು ಯಾಕಪ್ಪ ರುಜು ಹಾಕಿದ. ಕೆಳಗೆ ತಾರೀಕನ್ನೂ ಬರೆದ.

"ಕಾಲ್ಗುಣ ಕಣೋ ನಿಂದು!" ಎಂದಳು ಅಜ್ಜಿ. "ಮೊದ್ಲೇ ಅನ್ಕೊಂಡಿದ್ದೆ. ನೀನು ಬಂದು ಕೂತ್ರೆ ನನ್ ಮೊಣಕಾಲೂ ಹಿಡ್ಕೊಳ್ತಿತ್ತು. ಕ್ರಮ ನಾಲ್ಕು ಏನಮ್ಮ?"

"ಹೊರಗಿಡೋದು, ಅಜ್ಜಿ."

ಯಾಕಪ್ಪ ಮಗಳ ಕಡೆ ತಿರುಗಿದ. ಅವಳು ಚಪ್ಪಲಿಯ ತುದಿಯಿಂದ ನೆಲ ಕೆರೆಯುತ್ತಿದ್ದಳು. "ಅಪ್ಪ, ಇವತ್ತೊಂದಿನ. ಪ್ಲೀಸ್."

"ನಿನ್ ಪಕ್ಕ..."

"ಗೆದ್ದ ಮೇಲೆ ಕೂತ್ಕೊಳ್ಳುವಂತೆ."

ಹೆಂಡತಿಯಾದರೂ ತನ್ನ ಪರ ನಿಲ್ಲಬಹುದೆಂದು ಅತ್ತ ನೋಡಿದ. ಅವಳು ಆಗಲೇ ಅವನ ಕರವಸ್ತ್ರವನ್ನು ಮಡಿಸಿ ಅವನ ಜೇಬಿಗೆ ಹಾಕುತ್ತಿದ್ದಳು. "ಮನೇಲೂ ಟಿವಿ ಹಾಕ್ಬೇಡಿ. ನಿಮ್ಮನ್ನ ನಂಬೋಕಾಗಲ್ಲ, ರಿಮೋಟ್ ನನ್ ಹತ್ರಾನೇ ಇರ್ಲಿ. ಫೋನೂ ಕೊಡಿ."

ಪಂದ್ಯ ನಾಲ್ಕಕ್ಕೆ. ಮೂರೂವರೆಗೆ ಕ್ಷೌರಿಕ ಬಂದು ಮನೆಯ ಬಾಗಿಲು ತಟ್ಟಿದ. ಯಾಕಪ್ಪನನ್ನು ಕಾಯುವ ಹೊಣೆಯನ್ನು ಅಜ್ಜಿ ಅವನ ತಲೆಗೆ ಕಟ್ಟಿದ್ದಳು. "ನನ್ ಅಂಗ್ಡೀಲೇ ಕೂತ್ಕೊಳ್ಳಿ ಸರ್. ಕುರ್ಚಿ ಗೋಡೆ ಕಡೆ ತಿರುಗಿಸ್ತೀನಿ, ನಿಧಾನವಾಗಿ ಗಡ್ಡ ಕೆರೀತೀನಿ. ಟಿವಿ ನಿಮ್ ಬೆನ್ನ ಹಿಂದೆ. ನಾನು ನೋಡ್ತೀನಿ, ನೀವು ನೋಡಲ್ಲ."

ಬೆಳಗ್ಗಿನಿಂದ ಐವತ್ತು ಮುಖಗಳಿಗೆ ಬಣ್ಣ ಬಳಿದು ಕ್ಷೌರಿಕನ ಮೊಣಕೈವರೆಗೆ ಹಳದಿಯಾಗಿತ್ತು. ಯಾಕಪ್ಪನ ಮುಖಕ್ಕೆ ನೊರೆ ಹಚ್ಚಿ, ಬಲಗೆನ್ನೆಗೆ ಕತ್ತಿ ಇಟ್ಟ. ಪಂದ್ಯ ಶುರುವಾಯಿತು. ಕ್ಷೌರಿಕ ಮರೆತಿದ್ದ ಒಂದೇ ಸಂಗತಿಯೆಂದರೆ, ಕ್ಷೌರದಂಗಡಿಯ ಗೋಡೆಗೆ ಕನ್ನಡಿ ಇರುತ್ತದೆ. ಯಾಕಪ್ಪನ ಎದುರಿಗೇ, ಗೋಡೆಯುದ್ದಕ್ಕೆ, ಮೈದಾನವೆಲ್ಲ ತಿರುಗುಮುರುಗಾಗಿ ಥಳಥಳ ಹೊಳೆಯುತ್ತಿತ್ತು. ಎಡಗಾಲಿನ ಹುಡುಗಿ ಬಲಗಾಲಿನಲ್ಲಿ ಒದೆಯುತ್ತಿದ್ದಳು. ಯಾಕಪ್ಪ ಕಳ್ಳನ ಹಾಗೆ ಉಸಿರು ಬಿಗಿಹಿಡಿದು ಇಪ್ಪತ್ತು ನಿಮಿಷ ನೋಡಿದ. ಇಪ್ಪತ್ತೊಂದನೆಯ ನಿಮಿಷಕ್ಕೆ ನೀಲಿ ಅಂಗಿಯವರು ಗೋಲು ಹೊಡೆದರು.

"ಅಯ್ಯೋ!" ಎಂದ ಯಾಕಪ್ಪ.

ಕ್ಷೌರಿಕ ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿದ. ಕನ್ನಡಿಯೊಳಗೆ ಇಬ್ಬರ ಕಣ್ಣೂ ಕೂಡಿದವು.

"ನೋಡಿದ್ರಾ?"

"ಕನ್ನಡೀಲಿ ಕಣಯ್ಯ, ತಿರುಗುಮುರುಗಾಗಿ..."

"ತಿರುಗುಮುರುಗಾಗಿ ನೋಡಿದ್ದಕ್ಕೇ ಗೋಲೂ ತಿರುಗುಮುರುಗಾಗಿ ಬಿತ್ತು! ಏಳಿ ಸರ್, ಏಳಿ ಮೇಲೆ. ನನ್ ಅಂಗಡಿಗೆ ಈ ಕಳಂಕ ಬೇಡ."

ಹೀಗೆ ಯಾಕಪ್ಪ ಬೀದಿಗೆ ಬಿದ್ದ. ಬಲಗೆನ್ನೆ ತಟ್ಟೆಯ ಹಾಗೆ ನುಣ್ಣಗೆ, ಎಡಗೆನ್ನೆ ಮುಳ್ಳುಹಂದಿ, ಕೊರಳಲ್ಲಿ ಕ್ಷೌರದ ಬಿಳಿ ಬಟ್ಟೆ. ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲ ಕಿಟಕಿಗಳಿಂದ ಒಂದೇ ವೀಕ್ಷಕ ವಿವರಣೆ ಸೋರುತ್ತಿತ್ತು; ಮಾತು ತಿಳಿಯುವಂತಿರಲಿಲ್ಲ, ಕುದಿಯುವ ನೀರಿನ ಸದ್ದಿನಂತಿತ್ತು.

ಸಭಾಂಗಣದ ಕಡೆ ಹತ್ತು ಹೆಜ್ಜೆ ಇಟ್ಟ. ಒಳಗಿನಿಂದ "ಛೇ!" ಎಂದು ನೂರು ಗಂಟಲು ನರಳಿದವು. ಬೆಚ್ಚಿ ಹತ್ತು ಹೆಜ್ಜೆ ಹಿಂದೆ ಸರಿದ. ಚಪ್ಪಾಳೆ ಕೇಳಿತು. ಮತ್ತೆ ಮುಂದೆ, ನರಳಾಟ. ಮತ್ತೆ ಹಿಂದೆ; ಶಿಳ್ಳೆ. ಹತ್ತೊಂಬತ್ತು ವರ್ಷ ತಕ್ಕಡಿ ಪರೀಕ್ಷಿಸಿದ ಮನುಷ್ಯ, ಮಟಮಟ ಹಗಲಿನಲ್ಲಿ, ಅರ್ಧ ಗಡ್ಡದಲ್ಲಿ, ದಾರಿ ಮರೆತ ಭೂತದ ಹಾಗೆ ಬೀದಿಯಲ್ಲಿ ಹಿಂದಕ್ಕೂ ಮುಂದಕ್ಕೂ ನಡೆದ. ತನ್ನನ್ನು ಈಗ ಯಾರಾದರೂ ತಕ್ಕಡಿಯಲ್ಲಿಟ್ಟರೆ ಮುಳ್ಳು ಸೊನ್ನೆಯಿಂದ ಕದಲದು ಎಂದು ಅವನಿಗೇ ಅನ್ನಿಸಿತು. ಆದರೂ ನಡೆಯುವುದನ್ನು ನಿಲ್ಲಿಸಲಿಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಹೋದಾಗ ಕ್ವಾರ್ಟರ್ಸಿನ ತಾರಸಿ ಹಾರಿಹೋಗುವಂಥ ಕೂಗು ಎದ್ದಿತು.

ಅಜ್ಜಿ ಸಭಾಂಗಣದ ಮೆಟ್ಟಿಲಿಗೆ ಬಂದು, ಎರಡೂ ಕೈ ಬಾಯಿಗಿಟ್ಟು ಕೂಗಿದಳು: "ಒಂದೊಂದು ಸಮ ಆಯ್ತು ಕಣೋ! ಅಲ್ಲೇ ನಿಂತ್ರೆ ಸಾಲ್ದು, ಇನ್ನೂ ದೂರ ಹೋಗು!"

ಬೀದಿಯ ಮೂಲೆಯಲ್ಲಿ ಖಾಲಿ ಬಸ್ಸೊಂದು ನಿಂತಿತ್ತು. ಚಾಲಕಿ ಸ್ಟಿಯರಿಂಗಿಗೆ ಗದ್ದ ಊರಿ ಅವನನ್ನೇ ನೋಡುತ್ತಿದ್ದಳು. ನಲವತ್ತು ದಾಟಿದ ಗಟ್ಟಿ ಹೆಂಗಸು. "ಏನ್ ಸಾರ್, ಆಗ್ಲಿಂದ ನೋಡ್ತಿದೀನಿ. ಏನಾದ್ರೂ ಕಳ್ಕೊಂಡ್ರಾ?"

"ಇಲ್ಲಮ್ಮ. ನಮ್ ಹುಡುಗೀರನ್ನ ಗೆಲ್ಲಿಸ್ತಿದೀನಿ. ಈ ಬಸ್ಸು ಎಷ್ಟು ದೂರ ಹೋಗುತ್ತೆ?"

"ಕೊನೇ ನಿಲ್ದಾಣದವರೆಗೆ."

"ಅಲ್ಲಿಗೇ ಬಿಡಿ."

ಆ ಸಂಜೆ ಆ ಬಸ್ಸಿಗೆ ಅವನೊಬ್ಬನೇ ಪ್ರಯಾಣಿಕ. ದಾರಿಯುದ್ದಕ್ಕೂ ಪತ್ರದ ಕತೆಯೆಲ್ಲ ಹೇಳಿದ. ಚಾಲಕಿ ನಗಲಿಲ್ಲ. "ನಾನೂ ಆಡ್ತಿದ್ದೆ," ಎಂದಳು. "ಜಲ್ಲಿಕಲ್ಲಿನ ಮೈದಾನ. ನೋಡೋಕೆ ನಾಲ್ಕೇ ಜನ, ಅದ್ರಲ್ಲೂ ಎರಡು ನಾಯಿ. ಯಾರೂ ನೋಡ್ತಿರ್ಲಿಲ್ಲ, ಆದ್ರೂ ಸೋಲ್ತಿದ್ವಿ. ಅದಕ್ಕೆ ಯಾರ ಕಾಲ್ಗುಣ ಅನ್ನೋಣ?"

ಯಾಕಪ್ಪ ಕೊರಳ ಬಟ್ಟೆಯ ತುದಿಯನ್ನು ಮಡಿಸಿದ, ಬಿಚ್ಚಿದ.

"ಕಾಲ್ಗುಣ ಅಂತ ನಂಗೂ ಒಂದ್ಸಲ ಹೇಳಿದ್ರು, ಮನೇಲಿ ಸಾವಾದಾಗ," ಎಂದಳು ಚಾಲಕಿ, ಗೇರು ಬದಲಿಸುತ್ತ. "ಆಮೇಲೆ ನಾನು ಬಸ್ ಓಡಿಸೋದು ಕಲ್ತೆ. ಇಳೀರಿ, ಕೊನೇ ನಿಲ್ದಾಣ."

ನಿಲ್ದಾಣದಲ್ಲಿ ಚಾಲಕರ ವಿಶ್ರಾಂತಿ ಕೋಣೆ. ಎರಡು ಬೆಂಚು, ಒಂದು ಹೂಜಿ, ಗೋಡೆಗೆ ಒಂದು ಹಳೆಯ ಟಿವಿ. ಚಾಲಕಿ ಅದನ್ನು ಹಚ್ಚಿದಳು. ಎಂಬತ್ತನೆಯ ನಿಮಿಷ, ಇನ್ನೂ ಒಂದೊಂದು ಸಮ. ಯಾಕಪ್ಪ ತಟಕ್ಕನೆ ಗೋಡೆಯ ಕಡೆ ತಿರುಗಿ ನಿಂತ.

"ಸಾರ್, ಅವ್ರು ಅಲ್ಲಿ ಓಡ್ತಾರೆ, ನಾವು ಇಲ್ಲಿ ಕೂತಿರ್ತೀವಿ. ಅಷ್ಟೇ. ಬನ್ನಿ."

ಮೊದಲು ಒಂದು ಕಣ್ಣಿನಲ್ಲಿ ನೋಡಿದ. ಆಮೇಲೆ ಎರಡರಲ್ಲೂ. ಎಂಬತ್ತೆಂಟನೆಯ ನಿಮಿಷಕ್ಕೆ ನಮ್ಮ ಒಂಬತ್ತನೆಯ ನಂಬರಿನವಳು ಚೆಂಡು ಹಿಡಿದು ಎದುರಾಳಿಯ ಗೋಲಿನತ್ತ ನುಗ್ಗಿದಳು. ಯಾಕಪ್ಪನ ಎದೆ ಡವಗುಟ್ಟಿತು, ಕಾಲು ಎದ್ದವು. "ನೀರು ಕುಡಿದು..." ಎಂದ. ಚಾಲಕಿ ಅವನ ಕೊರಳಲ್ಲಿದ್ದ ಕ್ಷೌರದ ಬಟ್ಟೆ ಹಿಡಿದು ಬೆಂಚಿಗೆ ಎಳೆದಳು. "ಕೂತ್ಕೊಳ್ರಿ!" ಹೀಗೆ ಯಾಕಪ್ಪ ತನ್ನ ಬಾಳಿನಲ್ಲಿ ಮೊದಲ ಬಾರಿಗೆ ನಮ್ಮವರ ಗೋಲನ್ನು ಕಣ್ಣಾರೆ ಕಂಡ.

ಅಲ್ಲಿಗೇ ಮುಗಿಯಲಿಲ್ಲ. ಕೊನೆಯ ನಿಮಿಷದಲ್ಲಿ ನೀಲಿಯವರಿಗೆ ಪೆನಾಲ್ಟಿ ಸಿಕ್ಕಿತು. ನಮ್ಮ ಗೋಲ್‌ಕೀಪರ್ ಎಡಕ್ಕೆ ಹಾರಿದಳು, ಚೆಂಡು ಅವಳ ಬಲಕ್ಕೆ ಬಂತು. ಹೋಯಿತು ಎನ್ನುವಷ್ಟರಲ್ಲಿ ಹಿಂದೆ ಉಳಿದಿದ್ದ ಅವಳ ಬಲಗಾಲಿನ ಹಿಮ್ಮಡಿ ಮೇಲೆದ್ದಿತು, ಚೆಂಡು ಅದಕ್ಕೆ ತಗುಲಿ ಹೊರಗೆ ಪುಟಿಯಿತು. ಚಾಲಕಿ ಬೆಂಚಿನ ಮೇಲೆ ಹತ್ತಿ ನಿಂತಿದ್ದಳು. ಯಾಕಪ್ಪ ಅಳುತ್ತಿದ್ದ, ಮುಖ್ಯವಾಗಿ ಕ್ಷೌರವಾದ ಕೆನ್ನೆಯ ಮೇಲೆ.

ವಾಪಸು ಬರುವ ಬಸ್ಸಿನಲ್ಲಿ ಅವನ ತಲೆ ತುಂಬ ಆ ಹಿಮ್ಮಡಿಯೇ. ಮಗಳಿಗೆ ಹೇಳಬೇಕು. ಹಾರುವಾಗ ಆ ಕಾಲನ್ನು ಬೇಕೆಂದೇ ಹಿಂದೆ ಬಿಟ್ಟಿದ್ದಳೋ, ಅಕಸ್ಮಾತ್ತೋ ಎಂದು ಕೇಳಬೇಕು. ಕಡಿಮೆಯೆಂದರೆ ಆರು ನಿಮಿಷದ ಮಾತು.

ಕ್ವಾರ್ಟರ್ಸಿನ ಗೇಟಿನಲ್ಲಿ ಜನ ಅವನನ್ನು ಹೆಗಲಿಗೇರಿಸಿಕೊಂಡರು. ಕ್ಷೌರಿಕ ಅವನ ಮೂಗಿಗೆ ಹಳದಿ ಬಳಿದ. ಅಜ್ಜಿ, "ಇಂಥಾ ಒಳ್ಳೇ ಮನಸಿಂದ ದೂರ ಹೋದೋರನ್ನ ನಾನು ನೋಡೇ ಇಲ್ಲ," ಎಂದು ಕಣ್ಣೊರೆಸಿಕೊಂಡಳು. ಮಗಳು ಓಡಿ ಬಂದು, ಎಲ್ಲರೆದುರು, ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡಳು. ಅಂಥದ್ದೊಂದು ಆಗಿ ಎರಡು ವರ್ಷವಾಗಿತ್ತು. "ನಿನ್ನಿಂದ್ಲೇ ಅಪ್ಪ ಗೆದ್ದಿದ್ದು! ನೀನು ನೋಡ್ಲೇ ಇಲ್ವಲ್ಲ, ಅದಕ್ಕೇ!"

ಬಾಯಿಗೆ ಬಂದದ್ದನ್ನು ಯಾಕಪ್ಪ ನುಂಗಿಕೊಂಡ. ಸುಳ್ಳೇನು ಹೇಳಿದ ಹಾಗಾಗಲಿಲ್ಲವಲ್ಲ. ಈ ಅಪ್ಪುಗೆಯೊಂದು ಇರಲಿ. ಹಿಮ್ಮಡಿಯ ಮಾತು ಆಮೇಲೆ ಯಾವಾಗಲಾದರೂ ಆಡಿದರಾಯಿತು.

ಅಷ್ಟರಲ್ಲಿ ಮಗಳೇ ಅವನ ಕಿವಿಯ ಹತ್ತಿರ, "ಅಪ್ಪ, ಬುಧವಾರ ನಮ್ ಸ್ಕೂಲಿನ ಮ್ಯಾಚಿದೆ. ನಾನೇ ಗೋಲ್‌ಕೀಪರ್," ಎಂದಳು. ಯಾಕಪ್ಪನ ಹೃದಯ ಹೂವಾಯಿತು. "ನೀನು ಬರ್ಬೇಡ, ಆಯ್ತಾ?"

ಹೂವು ಅಲ್ಲೇ ಬಾಡಿತು.

"ನಾನು ನೋಡ್ದೆ!" ಎಂದು ಕೂಗಿಬಿಟ್ಟ. "ನಿಲ್ಲಿ ಎಲ್ರೂ. ನಾನು ನೋಡಿದೀನಿ, ಟಿವೀಲಿ, ಕೊನೇ ನಿಲ್ದಾಣದಲ್ಲಿ. ಗೋಲೂ ನೋಡ್ದೆ, ಪೆನಾಲ್ಟೀನೂ ನೋಡ್ದೆ. ಎಡಕ್ಕೆ ಹಾರಿದ್ಲು, ಬಲಗಾಲಿನ ಹಿಮ್ಮಡಿಗೆ ತಗುಲಿ ಹೋಯ್ತು. ನಾನು ನೋಡಿದ್ರೂ ಗೆದ್ವಿ! ಇಷ್ಟು ದಿನ ಹೊರಗೆ ಹೋಗ್ತಿದ್ದದ್ದು... ಹೆದರ್ಕೊಂಡು. ನಂಗೆ ಎದೆ ಡವಗುಟ್ಟುತ್ತೆ. ಅಷ್ಟೇ ಕಾರಣ. ದೋಷ ನನ್ನಲ್ಲಿಲ್ಲ!"

ಹೆಗಲಿನವರು ಅವನನ್ನು ನಿಧಾನವಾಗಿ ಕೆಳಗಿಳಿಸಿದರು. ಮಗಳು ಅವನ ಮುಖವನ್ನೇ ನೋಡುತ್ತಿದ್ದಳು, ಆ ಅರ್ಧವನ್ನೂ ಈ ಅರ್ಧವನ್ನೂ.

ಕಿರಿಯ ಪರೀಕ್ಷಕಿ ಸಭಾಂಗಣದ ಬಾಗಿಲಿನಿಂದ ಪತ್ರವನ್ನು ಕಿತ್ತು ತಂದಳು. ಓದಿದಳು. ತಿರುಗಿಸಿದಳು. "ಸರ್ ಹೇಳೋದು ಸರಿ. ದೋಷ ಅವರಲ್ಲಿಲ್ಲ."

"ನೋಡಿದ್ರಾ!" ಎಂದ ಯಾಕಪ್ಪ.

"ಅಂದ್ರೆ ಇವತ್ತು ಎಲ್ಲಾ ಸರಿಯಾಗಿ ಕೂಡ್ಕೊಂಡಿತ್ತು. ಸರ್ ಕೊನೇ ನಿಲ್ದಾಣದಲ್ಲಿದ್ರು. ಬಸ್ಸಿನ ಅಮ್ಮ ಜೊತೆಗಿದ್ರು. ಕೊರಳಲ್ಲಿ ಬಿಳಿ ಬಟ್ಟೆ. ಎಡಗಡೆ ಗಡ್ಡ ಇತ್ತು, ಬಲಗಡೆ ಇರ್ಲಿಲ್ಲ." ಅವಳು ಒಂದೊಂದನ್ನೇ ಅಂಕಣಕ್ಕೆ ಇಳಿಸಿದಳು. "ಕ್ರಮ ಏಳು, ಸರ್."

ಒಮ್ಮೆ ಸರಿಯಾಗಿ ತೂಗಿದ ಮೇಲೆ ಒಂದನ್ನೂ ಕದಲಿಸತಕ್ಕದ್ದಲ್ಲ.

ಗುಂಪಿನ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಕೊಡೆಯವನು. "ವಿಜ್ಞಾನಕ್ಕೋಸ್ಕರ ಸರ್," ಎಂದ, ಬಹಳ ವಿನಯದಿಂದ.

ಮಗಳು ಅವನ ತೋಳು ಹಿಡಿದಳು. "ಅಪ್ಪ, ಬುಧವಾರ ಅಲ್ಲಿಗೇ ಹೋಗಿ ಕೂತ್ಕೋತೀಯ? ನಂಗೋಸ್ಕರ?"

"ನಿನ್ ಸ್ಕೂಲ್ ಮ್ಯಾಚು ಆ ಟಿವೀಲಿ ಬರಲ್ವಲ್ಲೇ!"

"ಗೊತ್ತು. ಬಂದ್ಮೇಲೆ ನಾನೇ ಎಲ್ಲಾ ಹೇಳ್ತೀನಿ. ಆಫ್‌ಸೈಡೂ ಹೇಳ್ತೀನಿ." ತೋಳು ಬಿಡದೆಯೇ, "ನಂಗೂ ಎದೆ ಡವಗುಟ್ಟುತ್ತೆ ಅಪ್ಪ, ಗೋಲಲ್ಲಿ ನಿಂತಾಗ," ಎಂದಳು.

ಯಾಕಪ್ಪ ಪೆನ್ನು ಈಸಿಕೊಂಡು ರುಜು ಹಾಕಿದ.

ಬುಧವಾರ ನಾಲ್ಕು ಗಂಟೆಗೆ ಅವನು ವಿಶ್ರಾಂತಿ ಕೋಣೆಯ ಬೆಂಚಿನ ಮೇಲೆ, ಆರಿಸಿದ ಟಿವಿಯ ಎದುರು, ಬಿಳಿ ಬಟ್ಟೆ ಹೊದ್ದು ಕೂತಿದ್ದ. ಬಲಗೆನ್ನೆಯನ್ನು ಕ್ಷೌರಿಕ ಬೆಳಗ್ಗೆ ಬಂದು ಹೊಸದಾಗಿ ಕೆರೆದು ಹೋಗಿದ್ದ. ಎಡಗೆನ್ನೆಯನ್ನು ಮುಟ್ಟಿರಲಿಲ್ಲ. ಕಾರ್ಖಾನೆಗೆ ಬಂದ ಗಿರಾಕಿಗಳೊಡನೆ ಅವನು ಮೂರು ದಿನದಿಂದ ಪಕ್ಕಕ್ಕೆ ತಿರುಗಿಯೇ ಮಾತಾಡುತ್ತಿದ್ದ. ಮಗಳು ಸೋತರೆ ಅವನಿಗೆ ಇಂದೇ ಬಿಡುಗಡೆ. ಆದರೂ ಗೆಲ್ಲಲಿ ಎಂದೇ ಬೆರಳು ಹಿಸುಕಿಕೊಂಡು ಕಾಯುತ್ತಿದ್ದ.

ಐದೂವರೆಗೆ ಫೋನು ಬಂತು.

"ಗೆದ್ವಿ ಅಪ್ಪ! ನಂಗೊಂದೂ ಗೋಲು ಬೀಳ್ಲಿಲ್ಲ! ಇನ್ನು ಲೀಗ್ ಅಂತೆ, ಹದಿನಾಲ್ಕು ಮ್ಯಾಚು. ಮಾರ್ಚಿನವರೆಗೂ ಇದೆ. ಅಪ್ಪ, ಕೇಳಿಸ್ತಾ?"

"ಕೇಳಿಸ್ತಮ್ಮ."

ಅವನು ಫೋನು ಇಟ್ಟು ಎಡಗೆನ್ನೆ ಸವರಿಕೊಂಡ. ಚಾಲಕಿ ಬೆಂಚಿನ ಆ ತುದಿಯಿಂದ ಹುಬ್ಬೇರಿಸಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಯಾಕಪ್ಪ ಯಾಕೆ ಎಂದು ಕೇಳಲಿಲ್ಲ.